ಸಿಬಿಲ್ ಸ್ಕೋರ್ 13 ಅಂಕ ಇಳಿದಿದೆ, ಇನ್ನು ಹೋಮ್ ಲೋನ್ ಸಿಗುತ್ತಾ?

ನೀವು ಕೇಳಿರುವುದು ಇಷ್ಟು: ಎಲ್ಲಿ ಬಡ್ಡಿ ಕಮ್ಮಿ ನೋಡೋಣ ಅಂತ ಒಂದೇ ವಾರದಲ್ಲಿ ನಾಲ್ಕು ಕಡೆ ಹೋಮ್ ಲೋನ್‌ಗೆ ಅರ್ಜಿ ಹಾಕಿದಿರಿ. 761 ಇದ್ದ ಸಿಬಿಲ್ ಸ್ಕೋರ್, ಅಂದರೆ ನಾವು ಸಾಲ ಹೇಗೆ ತೀರಿಸುತ್ತೇವೆ ಅಂತ ತೋರಿಸುವ ಅಂಕ, 748ಕ್ಕೆ ಬಂತು. ಈಗ ಆ್ಯಪ್ ತೆರೆದು ಮತ್ತೆ ನೋಡಲೂ ಭಯ, ನೋಡಿದರೆ ಇನ್ನೂ ಇಳಿದೀತು ಅಂತ.

ಧೈರ್ಯವಾಗಿ ನೋಡಿ. ನಮ್ಮ ಸ್ಕೋರ್ ನಾವೇ ಎಷ್ಟು ಸಲ ನೋಡಿಕೊಂಡರೂ ಒಂದಂಕವೂ ಹೋಗುವುದಿಲ್ಲ. ನಮ್ಮ ಅರ್ಜಿ ಹಿಡಿದು ಬ್ಯಾಂಕಿನವರು ನಮ್ಮ ಸಾಲಗಳ ವರದಿ ತರಿಸಿದಾಗ ಮಾತ್ರ ಅದು 'ಎನ್‌ಕ್ವೈರಿ' ಅಂತ ದಾಖಲಾಗಿ ಸ್ಕೋರ್ ಸ್ವಲ್ಪ ಇಳಿಯಬಹುದು. ಯಾರು ನೋಡಿದರು, ಯಾವತ್ತು, ಯಾವ ಸಾಲಕ್ಕೆ, ಎಷ್ಟು ಮೊತ್ತಕ್ಕೆ, ಎಲ್ಲವೂ ಅಲ್ಲಿರುತ್ತದೆ. 748 ಕೆಟ್ಟ ಸ್ಕೋರ್ ಏನಲ್ಲ, 300ರಿಂದ 900ರ ಲೆಕ್ಕದಲ್ಲಿ ಚೆನ್ನಾಗಿಯೇ ಇದೆ. ಆದರೆ ಐದನೇ ಕಡೆ ಅರ್ಜಿ ಹಾಕಬೇಡಿ. ಬಡ್ಡಿ ಎಷ್ಟು, ಪ್ರೊಸೆಸಿಂಗ್ ಫೀ ಎಷ್ಟು ಅಂತ ಕೇಳುವುದಕ್ಕೆ ಪ್ಯಾನ್ ಕೊಟ್ಟು ಸಹಿ ಹಾಕಬೇಕಾಗಿಲ್ಲ, ಬಾಯಲ್ಲಿ ಕೇಳಿದರೂ ಹೇಳುತ್ತಾರೆ.

ನನ್ನ ಕೇಳಿದರೆ, ಆ 13 ಅಂಕಕ್ಕಿಂತ ಪೂರ್ತಿ ವರದಿಯಲ್ಲಿ ಏನಿದೆ ಅನ್ನುವುದೇ ಮುಖ್ಯ. ಇದನ್ನು ನಾನು ಪೆಟ್ಟು ತಿಂದು ಕಲಿತೆ.

ಹಿಂದೊಮ್ಮೆ ಬ್ಯಾಂಕಿನಲ್ಲಿ ನನ್ನ ಸಾಲದ ಅರ್ಜಿ ನೋಡುತ್ತಿದ್ದ ಅಧಿಕಾರಿ ಕಂಪ್ಯೂಟರ್ ಪರದೆಯನ್ನೇ ನನ್ನ ಕಡೆ ತಿರುಗಿಸಿದರು. ಒಂದೊಂದು ಸಾಲಕ್ಕೂ ಸಾಲಾಗಿ ಸಣ್ಣ ಸಣ್ಣ ಚೌಕ, ತಿಂಗಳಿಗೊಂದು. ಒಳಗೆ ಮೂರಂಕಿ. 000 ಇದ್ದರೆ ಸರಿಯಾದ ಸಮಯಕ್ಕೆ ಕಟ್ಟಿದ್ದೀರಿ ಅಂತ, 030 ಇದ್ದರೆ ಮೂವತ್ತು ದಿನ ತಡ ಅಂತ. ನನ್ನ ಬೈಕ್ ಸಾಲದ ಉದ್ದಕ್ಕೂ ಸೊನ್ನೆಗಳೇ. ಅದರ ಕೆಳಗೆ ಒಂದು ಹಳೇ ಕ್ರೆಡಿಟ್ ಕಾರ್ಡು: 030, 060, 090, ಹೀಗೆ ಮೆಟ್ಟಿಲು ಹತ್ತಿದ ಹಾಗೆ. ಆ ಕಾರ್ಡನ್ನು ನಾನು ಯಾವತ್ತೋ ಕತ್ತರಿಯಲ್ಲಿ ಕತ್ತರಿಸಿ ಬಿಸಾಕಿದ್ದೆ. ಕಾರ್ಡು ಕತ್ತರಿಸಿದರೆ ಖಾತೆ ಮುಚ್ಚುವುದಿಲ್ಲ ಅಂತ ಗೊತ್ತಿರಲಿಲ್ಲ. ವಾರ್ಷಿಕ ಶುಲ್ಕ 500, ಜಿಎಸ್‌ಟಿ ಸೇರಿ 590. ಅದಕ್ಕೆ ಬಡ್ಡಿ, ಲೇಟ್ ಫೀ ಬೆಳೆದು ಆರು ಸಾವಿರದ ಹತ್ತಿರ ಬಂದಿತ್ತು.

ಕಾರ್ಡಿನವರಿಗೆ ಫೋನ್ ಮಾಡಿದೆ. 'ಮೂರು ಸಾವಿರ ಕೊಟ್ಟು ಸೆಟಲ್ ಮಾಡ್ಕೊಳ್ಳಿ ಸರ್' ಅಂದರು. ಅರ್ಧ ಉಳಿಯಿತಲ್ಲ ಅಂತ ಖುಷಿಯಾಯಿತು. ಪುಣ್ಯಕ್ಕೆ ಆ ಅಧಿಕಾರಿಗೆ ಹೇಳಿದೆ, ಅವರು ತಡೆದರು. ವರದಿಯಲ್ಲಿ 'ಸೆಟಲ್ಡ್' ಅಂತ ಬಂದರೆ ಪೂರ್ತಿ ಕಟ್ಟದೆ ಬಿಡಿಸಿಕೊಂಡವನು ಅಂತ ಅರ್ಥ. ಪೂರ್ತಿ ಕಟ್ಟಿದರೆ 'ಕ್ಲೋಸ್ಡ್' ಅಂತ ಬರುತ್ತದೆ. ಗೊಣಗಿಕೊಂಡೇ ಪೂರ್ತಿ ಕಟ್ಟಿದೆ, ಬಾಕಿ ಏನೂ ಇಲ್ಲ ಅನ್ನುವ ನೋ ಡ್ಯೂಸ್ ಪತ್ರ ತೆಗೆದುಕೊಂಡೆ. ಆದರೂ ಹಳೆಯ ಚೌಕಗಳು ಮಾಯವಾಗಲಿಲ್ಲ. ನಾಲ್ಕು ತಿಂಗಳು ಕಾದು ಮತ್ತೆ ಅರ್ಜಿ ಹಾಕಿದೆ.

ಹಾಗಾಗಿ ನೀವು ಈಗಲೇ ಪೂರ್ತಿ ವರದಿ ತರಿಸಿ. ಈ ವರದಿ ಕೊಡುವ ಸಂಸ್ಥೆ ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಕೂಡ ಇವೆ. ನಾಲ್ಕೂ ಕಡೆ ವರ್ಷಕ್ಕೊಂದು ಪೂರ್ತಿ ವರದಿ ಉಚಿತ. ನೀವು ತೆಗೆದುಕೊಳ್ಳದ ಸಾಲವೋ, ತೀರಿಸಿದ ಮೇಲೂ ಬಾಕಿ ತೋರಿಸುವ ಸಾಲವೋ ಕಂಡರೆ ಅಲ್ಲೇ ಆನ್‌ಲೈನ್‌ನಲ್ಲಿ ದೂರು ಕೊಡಿ. 30 ದಿನದಲ್ಲಿ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ಯಾರಿಗಾದರೂ ಜಾಮೀನು ನಿಂತಿದ್ದರೆ ಅದೂ ವರದಿಯಲ್ಲಿ ಬರುತ್ತದೆ. ಜಾಮೀನು ನಿಂತು ಮರೆತವರು ಬೇಕಾದಷ್ಟು ಜನ!

ಸ್ಕೋರ್‌ನಿಂದ ಬಡ್ಡಿಯಲ್ಲೂ ವ್ಯತ್ಯಾಸ ಆಗುತ್ತದೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಹೋಮ್ ಲೋನ್‌ಗಳು ಹೆಚ್ಚಾಗಿ ರೆಪೋ ದರದ ಮೇಲೆ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರದ ಮೇಲೆ, ನಿಂತಿವೆ. ರೆಪೋ ಎಲ್ಲರಿಗೂ ಒಂದೇ. ಅದರ ಮೇಲೆ ಎಷ್ಟು ಸೇರಿಸಬೇಕು ಅನ್ನುವಾಗ ಎಷ್ಟೋ ಬ್ಯಾಂಕುಗಳು ನಮ್ಮ ಸ್ಕೋರ್ ನೋಡುತ್ತವೆ. 40 ಲಕ್ಷ, 20 ವರ್ಷ ಅಂತ ಇಟ್ಟುಕೊಳ್ಳಿ. ಶೇ 8.5ಕ್ಕೆ ಇಎಂಐ ಸುಮಾರು 34,700, ಶೇ 9ಕ್ಕೆ ಸುಮಾರು 36,000. ತಿಂಗಳಿಗೆ ಸಾವಿರ ಚಿಲ್ಲರೆ ಅನಿಸುತ್ತದೆ, ಒಟ್ಟು ಲೆಕ್ಕ ಹಾಕಿದರೆ ಮೂರು ಲಕ್ಷ ದಾಟುತ್ತದೆ.

ಇನ್ನೊಂದು ಮಾತು. ಸ್ಕೋರ್ 800 ಇದ್ದರೂ ಸಂಬಳದಲ್ಲಿ ಅರ್ಧ ಬೇರೆ ಇಎಂಐಗೇ ಹೋಗುತ್ತಿದ್ದರೆ ಕೇಳಿದಷ್ಟು ಸಾಲ ಸಿಗುವುದು ಕಷ್ಟ. ಜೊತೆಗೆ ಯಾರನ್ನಾದರೂ ಸಹ-ಅರ್ಜಿದಾರರಾಗಿ ಸೇರಿಸುತ್ತಿದ್ದರೆ ಅವರ ವರದಿಯನ್ನೂ ತರಿಸಿ ನೋಡಿ. ದುಡ್ಡು ಕೈಗೆ ಬರುವ ತನಕ ಸುಮ್ನೆ ಇಎಂಐನಲ್ಲಿ ಹೊಸ ಫೋನು, ಹೊಸ ಕಾರ್ಡು ಅಂತ ಹೋಗಬೇಡಿ. ಸಾಲ ಮಂಜೂರಾದ ಮೇಲೂ, ಹಣ ಬಿಡುವ ಮುಂಚೆ ಇನ್ನೊಮ್ಮೆ ವರದಿ ನೋಡುವ ಬ್ಯಾಂಕುಗಳಿವೆ.

ಈಗ ಹಾಕಿರುವ ನಾಲ್ಕರಲ್ಲಿ ಒಂದನ್ನು ಹಿಡಿದು ಮುಂದುವರಿಯಿರಿ. ವರದಿಯ ಚೌಕಗಳಲ್ಲಿ ಏನಾದರೂ ಅರ್ಥವಾಗದಿದ್ದರೆ ಇಲ್ಲೇ ಕೇಳಿ, ಪ್ಯಾನ್ ನಂಬರ್ ಮಾತ್ರ ಹಾಕಬೇಡಿ.