ಗುಬ್ಬಿಗೆ ಇಟ್ಟ ಕಾಳನ್ನು ಪಾರಿವಾಳಗಳು ಬಿಡದಿದ್ದರೆ ಏನು ಮಾಡಬೇಕು?

ಓಡಿಸಿ ಪ್ರಯೋಜನವಿಲ್ಲ, ಐದೇ ನಿಮಿಷಕ್ಕೆ ವಾಪಸ್ ಬರುತ್ತವೆ. ಕಾಳಿನ ಡಬ್ಬಿಯ ಸುತ್ತ ಒಂದೂವರೆ ಇಂಚು ಕಣ್ಣಿನ ವೆಲ್ಡ್ ಮೆಷ್ (ಬೆಸೆದ ತಂತಿ ಜಾಲರಿ) ಪಂಜರ ಕಟ್ಟಿ. ಗುಬ್ಬಿ, ರಾಟವಾಳ ಸಲೀಸಾಗಿ ನುಸುಳುತ್ತವೆ. ಪಾರಿವಾಳ, ಕಾಗೆ ಹೊರಗೇ ಉಳಿಯುತ್ತವೆ. ಕಣ್ಣು 2 ಇಂಚಾದರೆ ಗೊರವಂಕ ತೂರಿಬಿಡುತ್ತದೆ. ಹೆಚ್ಚಿನವರು ತಪ್ಪುವುದು ಅಂತರದಲ್ಲಿ: ಜಾಲರಿಗೂ ಡಬ್ಬಿಗೂ ನಾಲ್ಕೂ ಕಡೆ ಕನಿಷ್ಠ 4 ಇಂಚು ಬಿಡಿ, ಇಲ್ಲವೆಂದರೆ ಪಾರಿವಾಳ ಹೊರಗೆ ನಿಂತೇ ಕತ್ತು ತೂರಿಸಿ ತಿನ್ನುತ್ತದೆ. ಕತ್ತರಿಸಿದ ತಂತಿಯ ತುದಿಗಳನ್ನು ಇಕ್ಕಳದಿಂದ ಒಳಮಡಚಿ, ಪುಟ್ಟ ಕಾಲುಗಳಿಗೆ ಗಾಯವಾಗಬಾರದು.

ಅನ್ನ, ಬ್ರೆಡ್ ಬೇಡ, ಅದೇ ಕಾಗೆಗೆ ಕರೆಯೋಲೆ. ನವಣೆ, ಸಜ್ಜೆ ಸಾಕು. ಬೆಳಿಗ್ಗೆ ಎರಡು ಚಮಚ. ನೆಲಕ್ಕೆ ಉದುರಿದ್ದನ್ನು ಸಂಜೆಯೊಳಗೆ ಗುಡಿಸಿ. ಪಾರಿವಾಳ ಬರುವುದೇ ಆ ಉದುರಿಗೆ.