ಸಿಗ್ನಲ್ ಇಲ್ದಿದ್ರೂ ಜಿಪಿಎಸ್ ಓಡುತ್ತೆ
ಆಗುಂಬೆ ಘಾಟಿಲಿ ಸಿಮ್ ಸಿಗ್ನಲ್ ಹೋದ್ರೆ ಜಿಪಿಎಸ್ಸೂ ಹೋಗುತ್ತಾ ಅಂತ ಕೇಳಿದ್ರಲ್ಲ, ಇಲ್ಲ ಸರ್, ಹೋಗಲ್ಲ. ಫೋನು ಸ್ಯಾಟಲೈಟ್‌ಗೆ ಏನೂ ಕಳ್ಸಲ್ಲ, ಬರೀ ಕೇಳಿಸ್ಕೊಳ್ಳುತ್ತೆ ಅಷ್ಟೇ, ಸುಮಾರು 20,200 ಕಿ.ಮೀ ಮೇಲಿಂದ ಒಂದೊಂದು ಸ್ಯಾಟಲೈಟೂ ಈಗ ಟೈಮೆಷ್ಟು ತಾನೆಲ್ಲಿದೀನಿ ಅಂತ ಹೇಳ್ತಾನೇ ಇರುತ್ತೆ, ಆ ಸಿಗ್ನಲ್ ಬರೋಕೆ ಹಿಡಿದ ಟೈಮಿಂದ ದೂರ ಲೆಕ್ಕ ಹಾಕೋದು, 4 ಸ್ಯಾಟಲೈಟ್ ಸಿಕ್ರೆ ಜಾಗ ಗೊತ್ತಾಯ್ತು (ಮೂರು ಸಾಲಲ್ಲ, ಯಾಕಂದ್ರೆ ಫೋನಿನ ಗಡಿಯಾರ ಅಷ್ಟು ಕರೆಕ್ಟಾಗಿರಲ್ಲ, ಆ ತಪ್ಪು ಸರಿ ಮಾಡೋಕೆ ನಾಲ್ಕನೇದು). ನೆಟ್ ಬೇಕಾಗೋದು ಮ್ಯಾಪ್ ಇಳಿಸೋಕೆ, ಮತ್ತೆ ಶುರುವಲ್ಲಿ ಬೇಗ ಲೊಕೇಶನ್ ಹಿಡಿಯೋಕೆ. ತೀರ್ಥಹಳ್ಳಿಲೇ ಆಫ್‌ಲೈನ್ ಮ್ಯಾಪ್ ಡೌನ್‌ಲೋಡ್ ಮಾಡ್ಕೊಂಡ್ಬಿಡಿ.

ಇದೆಲ್ಲ ತಿಳ್ಕೊಂಡು ಏನಾಗ್ಬೇಕು, ಆ್ಯಪ್ ಇದ್ಯಲ್ಲ ಅಂದಿದೀರ. ಗೊತ್ತಿದ್ರೆ, ಕಾಡೊಳಗೆ ಮ್ಯಾಪಲ್ಲಿ ನೀವಿರೋ ಜಾಗ ತೋರ್ಸೋ ಚುಕ್ಕೆ ಅಲ್ಲಾಡದೇ ನಿಂತಾಗ ಸಿಮ್ ತೆಗ್ದು ಹಾಕ್ತಾ ಕೂರಲ್ಲ, ಆಕಾಶ ಕಾಣೋ ಕಡೆ ಹೋಗಿ ನಿಲ್ತೀರ.