ಕ್ಯಾಮೆರಾ ಬಾಡಿಗಿಂತ ಮೊದಲು ಬೆಳಕಿನ ಲೆಕ್ಕ: ಕ್ರೀಡಾ ಛಾಯಾಗ್ರಹಣದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ತಾಲೂಕು ಕೇಂದ್ರದಲ್ಲಿ ಸ್ಟುಡಿಯೊ ನಡೆಸುತ್ತಿದ್ದೇನೆ. ಮದುವೆ, ನಾಮಕರಣಗಳ ಜೊತೆಗೆ ಈಗ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳ ಚಿತ್ರ ತೆಗೆದುಕೊಡುವಂತೆ ಸಂಘಟಕರು ಕೇಳುತ್ತಿದ್ದಾರೆ. ನನ್ನ ಬಳಿ ಕ್ಯಾನನ್ 700ಡಿ, 55–250 ಮಿ.ಮೀ. ಜೂಮ್ ಮತ್ತು 50 ಮಿ.ಮೀ. ಎಫ್/1.8 ಲೆನ್ಸ್ ಇವೆ. ಜೂಮ್‌ನಲ್ಲಿ ತೆಗೆದ ಚಿತ್ರಗಳು ಒಂದೋ ಮಸುಕಾಗಿರುತ್ತವೆ, ಇಲ್ಲವೇ ನಾಯ್ಸ್ (ಕಾಳುಕಾಳಾದ ಚುಕ್ಕೆಗಳು) ತುಂಬಿರುತ್ತದೆ. ಒಂದೂವರೆ ಲಕ್ಷ ರೂಪಾಯಿವರೆಗೆ ಹೊಂದಿಸಬಲ್ಲೆ. ಸೆಕೆಂಡಿಗೆ 15 ಫ್ರೇಮ್ ತೆಗೆಯುವ ಕ್ಯಾನನ್ ಆರ್7 ಕೊಳ್ಳಲೇ, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಕ್ಕೆ ಹೋಗಲೇ, ಅಥವಾ ಸೆಕೆಂಡ್ ಹ್ಯಾಂಡ್ 7ಡಿ ಮಾರ್ಕ್ 2 ಸಾಕೇ?
– ಓದುಗರು, ತಿಪಟೂರು

ಉತ್ತರ: ಕಬಡ್ಡಿಯಲ್ಲಿ ದಾಳಿಗಾರನ ಕೈಕಾಲುಗಳು ಮಸುಕಾಗದೆ ಮೂಡಬೇಕಾದರೆ ಶಟರ್ ವೇಗ 1/800 ಸೆಕೆಂಡಿನ ಆಸುಪಾಸಿನಲ್ಲಾದರೂ ಇರಬೇಕು. ಊರಿನ ಮೈದಾನದಲ್ಲಿ ನಾಲ್ಕು ಕಂಬಗಳಿಗೆ ಕಟ್ಟಿದ ದೀಪಗಳ ಕೆಳಗೆ ಈ ವೇಗ ಸಿಗಬೇಕೆಂದರೆ, ಲೆನ್ಸಿನ ಬೆಳಕಿನ ಕಿಂಡಿ (ಅಪರ್ಚರ್) ಎಫ್/2.8ರಷ್ಟು ಅಗಲವಿದ್ದರೂ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಐಎಸ್‌ಒ, ಅಂದರೆ ಸೆನ್ಸರಿನ ಬೆಳಕಿನ ಸೂಕ್ಷ್ಮತೆಯನ್ನು, 6400ರವರೆಗೆ ಏರಿಸಬೇಕಾಗಿ ಬರುವುದು ಸಾಮಾನ್ಯ. ನಿಮ್ಮ ಜೂಮ್ ಅನ್ನು 250 ಮಿ.ಮೀ.ಗೆ ಚಾಚಿದಾಗ ಅದು ಎಫ್/5.6ಕ್ಕಿಂತ ಅಗಲವಾಗಿ ತೆರೆಯುವುದಿಲ್ಲ, ಎಫ್/2.8ರಲ್ಲಿ ಬರುವ ಬೆಳಕಿನ ಕಾಲು ಭಾಗ ಮಾತ್ರ ಸೆನ್ಸರ್ ತಲುಪುವುದರಿಂದ ಅದೇ ಚಿತ್ರಕ್ಕೆ ಐಎಸ್‌ಒ 25,600 ಬೇಕಾಗುತ್ತದೆ. 700ಡಿಯ ಸಾಮಾನ್ಯ ಮಿತಿ 12,800. ಹೀಗಾಗಿ ಶಟರ್ ಇಳಿಸಿದರೆ ಮಸುಕು, ಐಎಸ್‌ಒ ಏರಿಸಿದರೆ ನಾಯ್ಸ್ ಎಂಬ ಇಕ್ಕಟ್ಟಿನಲ್ಲಿ ನೀವು ಸಿಲುಕಿದ್ದೀರಿ. ಇದರಲ್ಲಿ ನಿಮ್ಮ ಕೈಯ ದೋಷವೇನೂ ಇಲ್ಲ.

ಫುಲ್ ಫ್ರೇಮ್‌ಗೆ ಹೋದರೆ ಏನು ಸಿಗುತ್ತದೆ? ಅದರ ಸೆನ್ಸರಿನ ವಿಸ್ತೀರ್ಣ ನಿಮ್ಮ 700ಡಿಯಲ್ಲಿರುವಂಥ ಕ್ಯಾನನ್‌ನ ಚಿಕ್ಕ ಎಪಿಎಸ್-ಸಿ ಸೆನ್ಸರಿಗಿಂತ ಸುಮಾರು 2.6 ಪಟ್ಟು ಹೆಚ್ಚು. ನಾಯ್ಸ್ ವಿಷಯದಲ್ಲಿ ಲಾಭವೂ ಹೆಚ್ಚುಕಡಿಮೆ ಅಷ್ಟೇ. ಎಫ್/5.6 ಲೆನ್ಸ್ ಬಿಟ್ಟು ಎಫ್/2.8ಕ್ಕೆ ಬಂದರೆ ಲಾಭ 4 ಪಟ್ಟು. ಕ್ಯಾಮೆರಾ ಬಾಡಿಯ ಮೇಲೆ ಸುರಿಯುವ ಹಣಕ್ಕಿಂತ ಲೆನ್ಸಿಗೆ ಹಾಕಿದ ಹಣ ರಾತ್ರಿಯ ಅಂಕಣದಲ್ಲಿ ಹೆಚ್ಚು ಫಲ ಕೊಡುತ್ತದೆ ಎಂದು ನಾನು ಹೇಳುವುದು ಈ ಲೆಕ್ಕದ ಆಧಾರದ ಮೇಲೆ. ಅದರಲ್ಲೂ ಕಬಡ್ಡಿಯ ಅದೃಷ್ಟವೆಂದರೆ ಅಂಕಣ ಚಿಕ್ಕದು, ಪುರುಷರಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಗೆರೆಯಂಚಿನಲ್ಲಿ ಕುಳಿತರೆ ಆಟ ಎಂಟು ಮೀಟರಿನೊಳಗೇ ನಡೆಯುತ್ತಿರುತ್ತದೆ. ಆ ದೂರದಲ್ಲಿ ಎಪಿಎಸ್-ಸಿ ಬಾಡಿಯ ಮೇಲೆ ಕೂರಿಸಿದ 85 ಮಿ.ಮೀ. ಲೆನ್ಸ್, ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದಾಗ, ಸುಮಾರು 2.1 ಮೀಟರ್ ಎತ್ತರದ ದೃಶ್ಯವನ್ನು ಹಿಡಿಯುತ್ತದೆ. ಒಬ್ಬ ಆಟಗಾರ ಅಡಿಯಿಂದ ಮುಡಿಯವರೆಗೆ ತುಂಬಿ ನಿಲ್ಲಲು ಇದು ಸರಿಯಾದ ಅಳತೆ. ಕ್ಯಾನನ್‌ನ ಹಳೆಯ ಇಎಫ್ 85 ಮಿ.ಮೀ. ಎಫ್/1.8 ಯುಎಸ್‌ಎಂ ಲೆನ್ಸ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸುಲಭವಾಗಿ ಸಿಗುತ್ತದೆ, ಫೋಕಸ್ ಚುರುಕಾಗಿದೆ, ಎಫ್/2.8ಕ್ಕಿಂತಲೂ ಸುಮಾರು 2.4 ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ನಿಮ್ಮ 50 ಮಿ.ಮೀ. ಲೆನ್ಸಿನಲ್ಲೂ ಅಷ್ಟೇ ಬೆಳಕಿದೆ, ಆದರೆ ಅದರ ಫೋಕಸ್ ನಿಧಾನ. ಗುಂಪು ಹಿಡಿತದ ದೃಶ್ಯಗಳಿಗೆ ಮಾತ್ರ ಅದನ್ನು ಇಟ್ಟುಕೊಳ್ಳಿ.

ಈಗ ಬಾಡಿಯ ವಿಷಯ. ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಸಂಖ್ಯೆ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಕಾಣುತ್ತದೆಯಾದರೂ ನಿಮ್ಮ ಕೆಲಸಕ್ಕೆ ಅದು ಮೂರನೆಯ ಸ್ಥಾನದ ಗುಣ. ಮೊದಲನೆಯದು ಫೋಕಸ್, ಎರಡನೆಯದು ದೀಪದ ಮಿಣುಕಾಟವನ್ನು ನಿಭಾಯಿಸುವ ಸಾಮರ್ಥ್ಯ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಹಲವು ಬಗೆಯ ದೀಪಗಳು ಸೆಕೆಂಡಿಗೆ 100 ಬಾರಿ ಮಂಕಾಗಿ ಮತ್ತೆ ಬೆಳಗುತ್ತವೆ. ಕಣ್ಣಿಗೆ ಇದು ಕಾಣದು. 1/800 ಸೆಕೆಂಡಿನ ಶಟರಿಗೆ ಚೆನ್ನಾಗಿಯೇ ಕಾಣುತ್ತದೆ. ಒಂದೇ ಬರ್ಸ್ಟ್‌ನ (ಬಟನ್ ಒತ್ತಿ ಹಿಡಿದು ಸತತವಾಗಿ ತೆಗೆದ ಸರಣಿಯ) ಒಂದು ಫ್ರೇಮ್ ಬೆಳ್ಳಗೆ, ಮುಂದಿನದು ಕಂದು ಬಣ್ಣಕ್ಕೆ ತಿರುಗಿ ಕತ್ತಲಾಗಿರುವುದನ್ನು ನೀವು ಗಮನಿಸಿರಬಹುದು. 2014ರಲ್ಲಿ ಬಂದ 7ಡಿ ಮಾರ್ಕ್ 2ರಲ್ಲಿ ಕ್ಯಾನನ್ ಇದಕ್ಕೊಂದು ಉಪಾಯ ತಂದಿತು: ದೀಪದ ಮಿಣುಕನ್ನು ಅಳೆದು, ಬೆಳಕು ಉತ್ತುಂಗದಲ್ಲಿರುವ ಕ್ಷಣಕ್ಕೆ ಕಾದು ಶಟರ್ ತೆರೆಯುವ ಆ್ಯಂಟಿ ಫ್ಲಿಕರ್ ವ್ಯವಸ್ಥೆ. ಆರ್7 ಮತ್ತು ಅದಕ್ಕಿಂತ ಅಗ್ಗದ ಕ್ಯಾನನ್ ಆರ್10ರಲ್ಲೂ ಇದು ಇದೆ. 700ಡಿಯಲ್ಲಿ ಇಲ್ಲ. ಇದನ್ನು ಮೆನುವಿನಲ್ಲಿ ಆನ್ ಮಾಡಲು ಮರೆಯಬೇಡಿ, ಮತ್ತು ಆಗ ಮೆಕ್ಯಾನಿಕಲ್ ಶಟರನ್ನೇ ಬಳಸಿ. ಫ್ರೇಮ್‌ಗಳ ವೇಗ ಸ್ವಲ್ಪ ಇಳಿಯುತ್ತದೆ, ಇಳಿಯಲಿ.

ಫೋಕಸ್ ವಿಷಯದಲ್ಲಿ ಮಾತ್ರ ಆರ್7, ಆರ್10ರಂಥ ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಬಾಡಿಗಳ ಪರವಾಗಿ ಮಾತನಾಡಲೇಬೇಕು. 7ಡಿ ಮಾರ್ಕ್ 2ರ 65 ಕ್ರಾಸ್ ಫೋಕಸ್ ಪಾಯಿಂಟ್‌ಗಳು ಇವತ್ತಿಗೂ ಒಳ್ಳೆಯವೇ, ಆದರೆ ಪಾಯಿಂಟನ್ನು ಆಟಗಾರನ ಮೇಲೆ ನಿಲ್ಲಿಸುವ ಕೆಲಸ ನಿಮ್ಮದು. ಆರ್7, ಆರ್10 ಬಾಡಿಗಳು ಮುಖ, ಕಣ್ಣುಗಳನ್ನು ತಾವೇ ಗುರುತಿಸಿ ಬೆನ್ನಟ್ಟುತ್ತವೆ. ಏಳು ಜನ ರಕ್ಷಕರು ಒಬ್ಬ ದಾಳಿಗಾರನ ಮೇಲೆ ಮುಗಿಬಿದ್ದಾಗ ಯಾರ ಕಣ್ಣನ್ನು ಹಿಡಿಯಬೇಕೆಂದು ಯಂತ್ರಕ್ಕೂ ಗೊಂದಲವಾಗುತ್ತದೆ. ಆಗ ಇಡೀ ಫ್ರೇಮ್ ಬಿಟ್ಟು ಚಿಕ್ಕ ವಲಯವೊಂದನ್ನು ಆರಿಸಿಕೊಳ್ಳುವುದು ಜಾಣತನ.

ನಿಮ್ಮ ಜಾಗದಲ್ಲಿ ನಾನಿದ್ದರೆ ಆರ್10 ಬಾಡಿ, ಹಳೆಯ ಇಎಫ್ ಲೆನ್ಸ್‌ಗಳನ್ನು ಕೂರಿಸಲು ಬೇಕಾದ ಕ್ಯಾನನ್ ಅಡಾಪ್ಟರ್, 85 ಮಿ.ಮೀ. ಎಫ್/1.8 ಕೊಂಡು, ಉಳಿದ ಹಣಕ್ಕೆ ಸೆಕೆಂಡ್ ಹ್ಯಾಂಡ್ 70–200 ಎಫ್/2.8 ಹುಡುಕುತ್ತಿದ್ದೆ. ಅಡಾಪ್ಟರ್ ಹಾಕಿದರೆ ಇಎಫ್ ಲೆನ್ಸ್‌ಗಳ ಆಟೊಫೋಕಸ್ ಪೂರ್ತಿ ಕೆಲಸ ಮಾಡುತ್ತದೆ. ಆರ್7ರಲ್ಲಿ ಎರಡು ಕಾರ್ಡ್ ಸ್ಲಾಟ್, ದೊಡ್ಡ ಬಫರ್ (ಕಾರ್ಡಿಗೆ ಬರೆಯುವ ಮೊದಲು ಚಿತ್ರಗಳು ನಿಲ್ಲುವ ಜಾಗ), ದೂಳು ತಡೆ ಇವೆ ನಿಜ; ಎರಡು ಕಾರ್ಡ್‌ಗಳು ನಿಮ್ಮ ಮದುವೆ ಕೆಲಸಕ್ಕೂ ಒದಗುತ್ತವೆ. ಆದರೆ ಅದಕ್ಕೆ ಹಣವೆಲ್ಲ ಹೋಗಿ ಮತ್ತೆ ಎಫ್/5.6 ಜೂಮ್‌ನಲ್ಲೇ ಕಬಡ್ಡಿ ತೆಗೆಯುವುದಾದರೆ ಈಗಿನ ತೊಂದರೆಯೇ ಮುಂದುವರಿಯುತ್ತದೆ. ಅದರ ಸೆನ್ಸರ್ ಸ್ಟೆಬಿಲೈಸೇಷನ್ ನಿಮ್ಮ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಆಟಗಾರನ ಓಟವನ್ನಲ್ಲ, ಆದ್ದರಿಂದ ಈ ಕೆಲಸದ ಮಟ್ಟಿಗೆ ಅದಕ್ಕೆ ಬೆಲೆ ಕಟ್ಟಬೇಡಿ. ಆರ್10ರ ಬಫರ್ ಚಿಕ್ಕದು. ಜೆಪೆಗ್‌ನಲ್ಲಿ ತೆಗೆದರೆ, ಬಟನ್ ಒತ್ತಿ ಹಿಡಿಯುವ ಬದಲು ಕ್ಷಣ ನೋಡಿ ಸಣ್ಣ ಸಣ್ಣ ಬರ್ಸ್ಟ್ ಹೊಡೆದರೆ ಅಡ್ಡಿಯಾಗದು.

ಪ್ರಶ್ನೆ: ಕಂಬಳದ ಚಿತ್ರಗಳನ್ನು ತೆಗೆಯುತ್ತೇನೆ. ನಿಕಾನ್ ಡಿ7200 ಮತ್ತು ಹಳೆಯ ಎಎಫ್ 80–200 ಎಫ್/2.8ಡಿ ಲೆನ್ಸ್ ಇದೆ. ನಿಕಾನ್‌ನ ಮಿರರ್‌ಲೆಸ್ ಬಾಡಿ ಝಡ್50 2ಕ್ಕೆ ಬದಲಾಯಿಸುವಂತೆ ಅಂಗಡಿಯವರು ಹೇಳುತ್ತಿದ್ದಾರೆ. ಏನು ಮಾಡಲಿ?
– ಓದುಗರು, ಕಾರ್ಕಳ

ಉತ್ತರ: ಬದಲಾಯಿಸುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ನಿಮ್ಮ 80–200ರ ಒಳಗೆ ಫೋಕಸ್ ಮೋಟರ್ ಇಲ್ಲ. ಬಾಡಿಯಲ್ಲಿರುವ ಮೋಟರ್ ಪುಟ್ಟದೊಂದು ಸ್ಕ್ರೂ ಮೂಲಕ ಅದನ್ನು ತಿರುಗಿಸುತ್ತದೆ. ಡಿ7200ರಲ್ಲಿ ಆ ಮೋಟರ್ ಇದೆ. ಹಳೆಯ ಲೆನ್ಸ್‌ಗಳನ್ನು ಝಡ್ ಬಾಡಿಗಳ ಮೇಲೆ ಕೂರಿಸುವ ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರಿನಲ್ಲಾಗಲಿ ಝಡ್ ಬಾಡಿಗಳಲ್ಲಾಗಲಿ ಅದು ಇಲ್ಲವಾದ್ದರಿಂದ ಅಲ್ಲಿ ನಿಮ್ಮ ಲೆನ್ಸನ್ನು ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ಓಡುವ ಕೋಣಗಳನ್ನು ಕೈಯಿಂದ ಫೋಕಸ್ ಮಾಡಿ ಹಿಡಿಯುವುದು ಆಗದ ಮಾತೇನಲ್ಲ, ಆದರೆ ಹಣ ಕೊಟ್ಟು ಆ ಕಷ್ಟ ತಂದುಕೊಳ್ಳುವುದೇಕೆ? ಅಂಗಡಿಯವರು ಹೇಳಿದ ಬಾಡಿ ಒಳ್ಳೆಯದೇ. ಅದರ ಜೊತೆಗೆ ಹೊಸ ಲೆನ್ಸಿನ ಬೆಲೆಯನ್ನೂ ಕೂಡಿಸಿ ನೋಡಬೇಕು ಎಂಬುದಷ್ಟೇ ನನ್ನ ಮಾತು.

ಈ ಲೆನ್ಸನ್ನು ಉಳಿಸಿಕೊಳ್ಳುವುದಾದರೆ ಸೆಕೆಂಡ್ ಹ್ಯಾಂಡ್ ಡಿ500 ಹುಡುಕಿ. 2016ರಲ್ಲಿ ಬಂದು 2022ರಲ್ಲಿ ನಿಂತುಹೋದ ಈ ಬಾಡಿಯಲ್ಲಿ ಸ್ಕ್ರೂ ಮೋಟರ್ ಇದೆ, ಸೆಕೆಂಡಿಗೆ 10 ಫ್ರೇಮ್ ಬರುತ್ತವೆ, ಬಫರ್ ತುಂಬುವ ಮೊದಲು ಸಂಸ್ಕರಿಸದ, ದೊಡ್ಡ ಗಾತ್ರದ ರಾ ಫೈಲ್‌ಗಳೇ 200ರವರೆಗೆ ಸಿಗುತ್ತವೆ, ಗೋಪುರದ ದೀಪಗಳಡಿ ರಾತ್ರಿಯಿಡೀ ನಡೆಯುವ ಓಟಗಳಿಗೆ ಬೇಕಾದ ಫ್ಲಿಕರ್ ತಡೆಯೂ ಇದೆ. ಕಂಬಳಕ್ಕೆ ಅದರ ದೊಡ್ಡ ಗುಣವೆಂದರೆ 153 ಫೋಕಸ್ ಪಾಯಿಂಟ್‌ಗಳು ಫ್ರೇಮಿನ ಎಡಬಲದ ಅಂಚುಗಳವರೆಗೂ ಹರಡಿರುವುದು. ಜೋಡುಕರೆಯಲ್ಲಿ (ಪಕ್ಕಪಕ್ಕದ ಎರಡು ಓಟದ ಗದ್ದೆ) ಒಂದು ಕರೆಯ ಕೋಣಗಳನ್ನು ಅಂಚಿನಲ್ಲಿಟ್ಟು ಇನ್ನೊಂದಕ್ಕೆ ಜಾಗ ಬಿಡುವಾಗ ಇದರ ಉಪಯೋಗ ತಿಳಿಯುತ್ತದೆ. ಹೊಸ ಬಾಡಿಗಳ ಗುರುತಿಸುವ ತಂತ್ರವನ್ನು ಇಲ್ಲಿ ಕುರುಡಾಗಿ ನಂಬುವಂತಿಲ್ಲ: ಪ್ರಾಣಿ ಎಂದು ಆರಿಸಿದರೆ ಕೋಣದ ಕಣ್ಣಿಗೆ, ಮನುಷ್ಯ ಎಂದು ಆರಿಸಿದರೆ ಓಡಿಸುವವನ ಮುಖಕ್ಕೆ ಹೋಗುತ್ತದೆ, ನಡುವೆ ಏಳುವ ಕೆಸರುನೀರು ಇವೆರಡನ್ನೂ ಮುಚ್ಚಿಬಿಡುತ್ತದೆ. ಮಂಜೊಟ್ಟಿಯ (ಓಟ ಮುಗಿಯುವ ತುದಿಯ) ಕಡೆ ನಿಂತು ಎದುರಿನಿಂದ ತೆಗೆಯುವಾಗ ನೊಗದ ಮೇಲೆ ಚಿಕ್ಕ ವಲಯವೊಂದನ್ನು ನೀವೇ ಇಟ್ಟು ಬೆನ್ನಟ್ಟುವುದು ಹೆಚ್ಚು ಭರವಸೆಯ ದಾರಿ.

ಡಿ500ರಲ್ಲಿ ಒಂದು ಸ್ಲಾಟ್ ಎಕ್ಸ್‌ಕ್ಯೂಡಿ ಕಾರ್ಡಿನದು, ಇನ್ನೊಂದು ಎಸ್‌ಡಿಯದು. ಎಕ್ಸ್‌ಕ್ಯೂಡಿ ಸಿಗುವುದು ಈಗ ಕಷ್ಟ. ಫರ್ಮ್‌ವೇರ್ ಅಪ್‌ಡೇಟ್ ಮಾಡಿದರೆ ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಬಿ ಕಾರ್ಡ್ ನಡೆಯುತ್ತದೆ. ಕೊಳ್ಳುವಾಗ ಶಟರ್ ಎಷ್ಟು ಬಾರಿ ಬಡಿದಿದೆ ಎಂದು ಕೇಳಿ ನೋಡಿ. ಅದರ ಶಟರನ್ನು 2 ಲಕ್ಷ ಬಾರಿಗೆ ಪರೀಕ್ಷಿಸಲಾಗಿದೆ, ಮತ್ತು ಆಟದ ಚಿತ್ರಗಾರರ ಕೈಯಲ್ಲಿದ್ದ ಬಾಡಿ ಆ ಸಂಖ್ಯೆಯನ್ನು ಬೇಗ ಮುಟ್ಟುತ್ತದೆ. ಮದುವೆಯವರ ಕೈಯಿಂದ ಬಂದದ್ದೂ ಕಡಿಮೆಯೇನಲ್ಲ ಎನ್ನಿ.

ಪ್ರಶ್ನೆ: ಆರ್7 ಬಾಡಿಯಲ್ಲಿ ಎಲೆಕ್ಟ್ರಾನಿಕ್ ಶಟರ್ ಬಳಸಿ ಲೀಗ್ ಕ್ರಿಕೆಟ್ ತೆಗೆದಾಗ ಬ್ಯಾಟ್ ಬಾಳೆಹಣ್ಣಿನಂತೆ ಬಾಗಿ ಕಾಣುತ್ತದೆ. ಬಾಡಿ ಕೆಟ್ಟಿದೆಯೇ? ಗ್ಲೋಬಲ್ ಶಟರ್ ಇರುವ ಕ್ಯಾಮೆರಾಕ್ಕೆ ಹೋಗಬೇಕೇ?
– ಓದುಗರು, ಬೆಂಗಳೂರು

ಉತ್ತರ: ಕೆಟ್ಟಿಲ್ಲ. ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಒಂದೇ ಏಟಿಗೆ ಓದುವುದಿಲ್ಲ, ಸಾಲು ಸಾಲಾಗಿ ಓದುತ್ತದೆ; ಆರ್7ರಲ್ಲಿ ಈ ಓದು ಮುಗಿಯಲು ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟು ಸಮಯ ಹಿಡಿಯುತ್ತದೆ. ಬ್ಯಾಟಿನ ತುದಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಬೀಸುತ್ತಿದೆ ಎಂದಿಟ್ಟುಕೊಂಡರೆ ಅಷ್ಟರೊಳಗೆ ಅದು 90 ಸೆಂ.ಮೀ.ಗಿಂತ ಹೆಚ್ಚು ಸರಿದಿರುತ್ತದೆ. ಹಿಡಿಯನ್ನು ಓದಿದಾಗ ಬ್ಯಾಟ್ ಒಂದೆಡೆ, ತುದಿಯನ್ನು ಓದುವಾಗ ಇನ್ನೊಂದೆಡೆ, ಆದ್ದರಿಂದ ಬಾಗು. ಶಟರ್ ವೇಗವನ್ನು 1/4000ಕ್ಕೆ ಏರಿಸಿದರೂ ಇದು ಹೋಗುವುದಿಲ್ಲ. ಮೆಕ್ಯಾನಿಕಲ್ ಶಟರಿನ ಪರದೆ ಸೆನ್ಸರನ್ನು ದಾಟಲು ಸುಮಾರು 1/250 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಬ್ಯಾಟ್ ಸರಿಯುವುದು 11 ಸೆಂ.ಮೀ. ಮಾತ್ರ, ಕಣ್ಣಿಗೆ ಬಾಗು ತಟ್ಟುವುದಿಲ್ಲ. ನಿಮಗೆ ಬೇಕಾದ ಪರಿಹಾರ ಮೆನುವಿನಲ್ಲೇ ಇದೆ: ಮೆಕ್ಯಾನಿಕಲ್‌ಗೆ ಬದಲಾಯಿಸಿ, ಸೆಕೆಂಡಿಗೆ 15 ಫ್ರೇಮ್‌ನಲ್ಲಿ ತೆಗೆಯಿರಿ.

ಹದಿನೈದಕ್ಕೆ ಇಳಿದರೆ ಚೆಂಡು ಬ್ಯಾಟಿಗೆ ತಗಲುವ ಕ್ಷಣ ತಪ್ಪುವುದಿಲ್ಲವೇ ಎಂದು ಕೇಳಬಹುದು. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಎರಡು ಫ್ರೇಮ್‌ಗಳ ನಡುವೆ 15ರ ವೇಗದಲ್ಲಿ ಸುಮಾರು 2.6 ಮೀಟರ್, ಎಲೆಕ್ಟ್ರಾನಿಕ್ ಶಟರಿನ 30ರಲ್ಲಿ 1.3 ಮೀಟರ್ ಸಾಗಿಬಿಡುತ್ತದೆ. ಎರಡರಲ್ಲೂ ಆ ಕ್ಷಣ ಸಿಗುವುದು ಅದೃಷ್ಟದಿಂದ, ಇಲ್ಲವೇ ಬ್ಯಾಟರ್‌ನ ಲಯ ತಿಳಿದು ಬಟನ್ ಒತ್ತುವುದರಿಂದ. ಗ್ಲೋಬಲ್ ಶಟರ್ ಇರುವ ಸೋನಿಯ ‘ಎ9 3’ ಕ್ಯಾಮೆರಾ ಸೆಕೆಂಡಿಗೆ 120 ಫ್ರೇಮ್ ತೆಗೆದು ಆ ಅಂತರವನ್ನು 32 ಸೆಂ.ಮೀ.ಗೆ ಇಳಿಸುತ್ತದೆ, ಅದರ ಸೆನ್ಸರ್ ಎಲ್ಲ ಪಿಕ್ಸೆಲ್‌ಗಳನ್ನು ಒಟ್ಟಿಗೇ ಓದುವುದರಿಂದ ಬಾಗು ಎಂಬುದೇ ಇಲ್ಲ. ಎಲ್‌ಇಡಿ ಜಾಹೀರಾತು ಫಲಕಗಳ ಮುಂದೆ ಬೀಳುವ ಪಟ್ಟೆಗಳ ವಿರುದ್ಧವೂ ಅದು ಬಲವಾದ ಉತ್ತರ. ಆದರೆ ಅದರ ಮೂಲ ಐಎಸ್‌ಒ 250. ಮಂದ ಬೆಳಕಿನಲ್ಲಿ ಅದೇ ಗಾತ್ರದ ಬೇರೆ ಸೆನ್ಸರ್‌ಗಳಿಗಿಂತ ಅದಕ್ಕೆ ಮೇಲುಗೈ ಇಲ್ಲ, ಬೆಲೆಯಂತೂ ನಿಮ್ಮ ಬಾಡಿಯ ಹಲವು ಪಟ್ಟು. ಸುದ್ದಿಸಂಸ್ಥೆಗಳಿಗೆ ದಿನವೂ ಅಂತರರಾಷ್ಟ್ರೀಯ ಪಂದ್ಯ ಕಳುಹಿಸುವವರು ಆ ಹಣ ಹಿಂದೆ ಪಡೆಯಬಲ್ಲರು. ಹಗಲಿನ ಲೀಗ್ ಪಂದ್ಯಗಳಿಗೆ ಅಷ್ಟೊಂದು ತೊಡಗಿಸುವುದಕ್ಕೆ ಕಾರಣ ನನಗೆ ಕಾಣುತ್ತಿಲ್ಲ.

ಪ್ರಶ್ನೆ: ಮಗಳು ಶಾಲಾ ಮಟ್ಟದ 100 ಮೀಟರ್ ಓಟಗಾರ್ತಿ. ಅವಳ ಓಟ ತೆಗೆಯಲು ದೊಡ್ಡ ಕ್ಯಾಮೆರಾ ಅಗತ್ಯವೇ?
– ಓದುಗರು, ಧಾರವಾಡ

ಉತ್ತರ: ಇಲ್ಲ. ಕೂಟಗಳು ಹಗಲಿನಲ್ಲೇ ನಡೆಯುತ್ತವೆಯಾದ್ದರಿಂದ ಮೇಲೆ ಹೇಳಿದ ತಾಪತ್ರಯಗಳು ನಿಮಗಿಲ್ಲ. ಬಿಸಿಲಿನಲ್ಲಿ ಐಎಸ್‌ಒ 200, ಎಫ್/5.6 ಇಟ್ಟರೂ 1/1600 ಸೆಕೆಂಡ್ ಸಿಗುತ್ತದೆ. ಓಟಕ್ಕೆ ಅದು ಧಾರಾಳ. ತಿಪಟೂರಿನ ಓದುಗರನ್ನು ರಾತ್ರಿ ಕಾಡುವ 700ಡಿ ಮತ್ತು 55–250ರ ಜೋಡಿಯೇ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ನಿಮಗೆ ಸಾಕು. ಅಂತಿಮ ಗೆರೆಯ ಆಚೆ, ಮಗಳ ಲೇನಿಗೆ ನೇರವಾಗಿ, ಬಿಡುತ್ತಾರೆಂದಾದರೆ ಇಪ್ಪತ್ತು ಮೀಟರ್ ಹಿಂದೆ ಕುಳಿತುಕೊಳ್ಳಿ. ಫೋಕಸನ್ನು, ಓಡುವವರನ್ನು ಬೆನ್ನಟ್ಟುವ ಎಐ ಸರ್ವೊ ಮೋಡ್‌ಗೆ ಹಾಕಿ, ಮಧ್ಯದ ಪಾಯಿಂಟನ್ನು ಅವಳ ಎದೆಯ ನಂಬರ್ ಚೀಟಿಯ ಮೇಲಿಡಿ.